ವರ್ತಕನೂ ಹಾದಿಯೂ: ಒಂದು ಗ್ರೀಕ್ ಶಬ್ದದ ವಿಚಾರ



ಕ್ರೈಸ್ತರ ಹೊಸ ಒಡಂಬಡಿಕೆಯ ಮೂಲವು ಗ್ರೀಕ್ ಭಾಷೆಯಲ್ಲಿದೆಯಷ್ಟೆ. ಅಲ್ಲಿ ವರ್ತಕನಿಗೆ ‘ಎಂಪೊರೊಸ್’ ಎಂದು ಹೆಸರು. ಇದನ್ನು ‘ವ್ಯಾಪಾರಿ’ ಎಂದು ಕನ್ನಡಿಸಿದರೆ ತಪ್ಪಾಗದು; ಆದರೆ ಅರ್ಧ ಅರ್ಥವು ಹಿಂದೆಯೇ ಉಳಿದುಹೋಗುವುದು. ಏಕೆಂದರೆ ಆ ಶಬ್ದದ ಒಡಲಲ್ಲಿರುವುದು ‘ಪೊರೊಸ್’, ಎಂದರೆ ಹಾದಿ, ಹೊಳೆಯನ್ನು ದಾಟುವ ಎಡೆ. ಹೋಮರನ ಕಾವ್ಯದಲ್ಲಿ ಎಂಪೊರೊಸ್ ಎಂದರೆ ಪರರ ಹಡಗನ್ನೇರಿ ಹೊರಟ ಪಯಣಿಗ. ಅವನ ಕೈಗೆ ಸರಕು ಬಂದುದು ಆಮೇಲೆ.

ಕುಳಿತು ಮಾರುವವನಿಗೆ ಗ್ರೀಕರು ಬೇರೆ ಹೆಸರಿಟ್ಟಿದ್ದರು: ‘ಕಪೇಲೊಸ್’. ಪೇಟೆಯಲ್ಲಿ ಕುಳಿತವನು ಕಪೇಲೊಸ್, ಊರೂರು ತಿರುಗುವವನು ಎಂಪೊರೊಸ್ ಎಂದು ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ವಿಂಗಡಿಸುತ್ತಾನೆ. ಕಲಬುರಗಿಯವರಾದ ನಾವು ಈ ಭೇದವನ್ನು ಗ್ರಂಥದಿಂದ ಕಲಿಯಬೇಕಾದುದಿಲ್ಲ. ಹುಮನಾಬಾದಿನ ಹಾದಿಯಲ್ಲಿ ಕಮಲಾಪುರವನ್ನು ಹಾಯುವಾಗ ಕೆಂಪು ಬಾಳೆಯ ಚಿಪ್ಪುಗಳನ್ನು ಮುಂದಿಟ್ಟುಕೊಂಡು ಕುಳಿತವರು ಕಪೇಲೊಸ್ ವರ್ಗದವರು. ಅದೇ ಬಾಳೆಯನ್ನು ತೋಟದಲ್ಲಿಯೇ ಸಗಟಾಗಿ ಕೊಂಡು ದೂರದ ಊರಿಗೆ ಸಾಗಿಸುವವನು ಎಂಪೊರೊಸ್. ಕುಳಿತವರಿಗೆ ಗ್ರೀಸಿನಲ್ಲಿ ಒಳ್ಳೆಯ ಹೆಸರಿರಲಿಲ್ಲ. ದ್ರಾಕ್ಷಾರಸಕ್ಕೆ ನೀರು ಬೆರೆಸುವವರೆಂಬ ಸಂಶಯ. ದೇವರ ವಾಕ್ಯವನ್ನು ಕಲಬೆರಕೆ ಮಾಡಿ ಮಾರುವವರನ್ನು ಹಳಿಯುವಾಗ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಪೌಲನು ಆರಿಸಿಕೊಂಡುದು ಈ ಕಪೇಲೊಸನ ಕ್ರಿಯಾಪದವನ್ನೇ. ಆದರೆ ಮತ್ತಾಯನ ಸುವಾರ್ತೆಯ ಸಾಮ್ಯದಲ್ಲಿ ಒಳ್ಳೆಯ ಮುತ್ತುಗಳನ್ನು ಅರಸುತ್ತ ಹೋದವನು ಎಂಪೊರೊಸ್. ಕಮಲಾಪುರದವರು ಈ ಪಕ್ಷಪಾತವನ್ನು ಮನ್ನಿಸಲಿ!

ಅಂತಹ ವರ್ತಕರು ಬಂದು ತಂಗುವ ಪಟ್ಟಣವೇ ‘ಎಂಪೊರಿಯೊನ್’. ಈ ಮಾತು ನಮ್ಮ ನೆರೆಗೂ ಒಮ್ಮೆ ಬಂದಿತ್ತು. ಕ್ರಿ.ಶ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಗ್ರಂಥವು ದಕ್ಷಿಣಾಪಥದ ಎರಡು ಊರುಗಳನ್ನು ಹೀಗೆ ಕರೆದಿದೆ: ಒಂದು ಪೈಠಣ, ಇನ್ನೊಂದು ತಗರ. ತಗರವೆಂದರೆ ಕಲಬುರಗಿಯ ವಾಯವ್ಯಕ್ಕೆ, ಈಗಿನ ಧಾರಾಶಿವ ಜಿಲ್ಲೆಯಲ್ಲಿರುವ ತೇರ್. ಅಲ್ಲಿಯ ಅರಿವೆಗಳು ಹಾದಿಯೇ ಇಲ್ಲದ ನಾಡನ್ನು ಹಾಯ್ದು ಬಂಡಿಗಳ ಮೇಲೆ ಭರುಕಚ್ಛದ ರೇವನ್ನು ಸೇರುತ್ತಿದ್ದವಂತೆ. ಇಂದಿನ ‘ಎಂಪೋರಿಯಂ’ ಇದೇ ಶಬ್ದದ ಸಂತಾನ. ಪಾಪ, ಅದೀಗ ನಿಂತಲ್ಲಿಂದ ಅಲುಗದ ಅಂಗಡಿ.

ಎಂಪೊರೊಸನಿಗೆ ಸಮನಾದ ಕನ್ನಡ ಶಬ್ದವಿಲ್ಲವೆ? ಇದೆ. ಅಯ್ಯಾವೊಳೆಯ ಐನೂರ್ವರು, ಎಂದರೆ ಐಹೊಳೆಯ ಹೆಸರಿನ ಆ ಮಹಾಸಂಘದ ವರ್ತಕರು, ಶಾಸನಗಳಲ್ಲಿ ‘ನಾನಾದೇಶಿ’ಗಳೆನಿಸಿಕೊಂಡರು. ವರ್ತಕನನ್ನು ಅವನ ಸರಕಿನಿಂದಲ್ಲ, ಅವನು ತಿರುಗಿದ ದೇಶಗಳಿಂದ ಕರೆದ ಹೆಸರು ಅದು.

ಹಾದಿಯು ನೆನಪಿನಲ್ಲಿದ್ದರೆ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯವು ತಾನಾಗಿ ತಿಳಿಯಾಗುತ್ತದೆ. ಇಂದೋ ನಾಳೆಯೋ ಇಂಥ ಊರಿಗೆ ಹೋಗುವೆವು, ಒಂದು ವರ್ಷವಿದ್ದು ವ್ಯಾಪಾರಮಾಡಿ ಲಾಭ ಗಳಿಸುವೆವು ಎನ್ನುವವರನ್ನು ಅವನು ಗದರಿಸುತ್ತಾನೆ. ಆ ಗದರಿಕೆಯು ಲಾಭದ ಮೇಲೆಂದು ಹಲವರ ಭಾವನೆ. ನನಗೆ ಹಾಗೆ ತೋರುವುದಿಲ್ಲ. ನಾಳೆಯನ್ನೇ ಅರಿಯದ ಪಯಣಿಗನು ಇಡೀ ವರ್ಷದ ಲೆಕ್ಕವನ್ನು ಮುಂಚಿತವಾಗಿ ಬರೆದಿಟ್ಟುದು ಅವನ ಅಪರಾಧ.

ಪೇತ್ರನ ಎರಡನೆಯ ಪತ್ರಿಕೆಯಲ್ಲಿಯಾದರೋ ಅದೇ ಕ್ರಿಯಾಪದವು ಭಯಂಕರವಾಗುತ್ತದೆ. ಸುಳ್ಳು ಬೋಧಕರು ದ್ರವ್ಯಲೋಭದಿಂದ, ಕಟ್ಟಿದ ಮಾತುಗಳಿಂದ, ‘ನಿಮ್ಮನ್ನು’ ವ್ಯಾಪಾರಮಾಡುವರು ಎಂದು ಅಲ್ಲಿಯ ವಾಕ್ಯ. ಇಲ್ಲಿ ಹಾದಿಯೂ ಇಲ್ಲ, ಮುತ್ತೂ ಇಲ್ಲ; ಮನುಷ್ಯನೇ ಸರಕು. ‘ವ್ಯಾಪಾರ’ವೆಂಬ ಸಂಸ್ಕೃತ ಶಬ್ದವು ಮೂಲದಲ್ಲಿ ಯಾವ ಕೆಲಸಕ್ಕಾದರೂ ಸಲ್ಲುವ ಸೌಮ್ಯವಾದ ಮಾತು, ಅದು ಈ ಭಾರವನ್ನು ಹೊರಲಾರದು. ಬಿತ್ತುವ ಮೊದಲೇ ಸಾಲ ತಂದು, ರಾಶಿಯಾದೊಡನೆ ತೊಗರಿಯನ್ನು ಸಾಲಕೊಟ್ಟವನ ದರಕ್ಕೇ ಸುರಿದು ಬರಿಗೈಯಲ್ಲಿ ತಿರುಗುವ ರೈತನು ಹೇಳುವ ಮಾತೊಂದಿದೆ: ‘ನನ್ನನ್ನೇ ಮಾರಿಕೊಂಡು ತಿಂದ.’ ಪೇತ್ರನ ಗ್ರೀಕಿಗೆ ಇದಕ್ಕಿಂತ ಹತ್ತಿರವಾದ ಕನ್ನಡವನ್ನು ನಾನು ಕಾಣೆ.