ತೇವವನ್ನು ಅರಿಯುವ ಸುಟ್ಟ ಮಣ್ಣು



ಕಾಶಿಗೆ ಹೋದವರು ಜಂಗಮವಾಡಿ ಮಠ ನೋಡಿರುತ್ತೀರಿ, ಗಂಗೆಯಲ್ಲಿ ಮಿಂದಿರುತ್ತೀರಿ. ಬೀದಿಬದಿಯಲ್ಲಿ ಕುಲ್ಹಡ್ ಎಂಬ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದಿರಲೂಬಹುದು. ಅದು ತುಟಿಗೆ ತಾಗಿದೊಡನೆ ಮೆಲ್ಲಗೆ ಅಂಟಿಕೊಂಡ ಹಾಗಾಗುತ್ತದೆ, ಅಲ್ಲವೆ? ಮೆರುಗು ಹಚ್ಚದ ಸುಟ್ಟ ಮಣ್ಣಿನ ತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ. ಅವು ತುಟಿಯ ತೇವವನ್ನು ಹೀರುತ್ತವೆ. ಇದೇ ಗುಣದಿಂದ ಗಾಳಿಯ ತೇವವನ್ನೂ ಅಳೆಯಬಹುದು ಎಂಬುದೇ ಇವತ್ತಿನ ಮಾತು.

ಅದೇ ಊರಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಸೆರಾಮಿಕ್ ವಿಭಾಗ ಆರಂಭವಾಯಿತು. 2012ರಿಂದ ಅದು ಐಐಟಿಯ ಭಾಗ. ಸೆರಾಮಿಕ್ ಎಂದರೆ ಬರೀ ಕಪ್ಪು-ಬಸಿಯಲ್ಲ, ಎಲೆಕ್ಟ್ರಾನಿಕ್ ಉಪಕರಣಗಳ ಬಿಡಿಭಾಗಗಳೂ ಹೌದು.

ಒಣಗಿದ ಸೆರಾಮಿಕ್‌ನಲ್ಲಿ ಸಾಮಾನ್ಯವಾಗಿ ವಿದ್ಯುತ್ ಹರಿಯುವುದಿಲ್ಲ. ಕರೆಂಟ್ ಕಂಬದ ಪಿಂಗಾಣಿ ಬುಗುಟು ಇರುವುದೇ ಅದಕ್ಕಾಗಿ. ಆದರೆ ರಂಧ್ರಗಳಿರುವ ಸೆರಾಮಿಕ್ ಬಿಲ್ಲೆಯ ಒಳಗೋಡೆಗೆ ಗಾಳಿಯ ನೀರಾವಿ ತೆಳುವಾದ ಪದರವಾಗಿ ಕೂರುತ್ತದೆ. ಸಾಲಾಗಿ ನಿಂತವರು ಕೈಯಿಂದ ಕೈಗೆ ಬಿಂದಿಗೆ ದಾಟಿಸುವಂತೆ, ಹೈಡ್ರೋಜನ್ ಅಯಾನುಗಳು ಒಂದು ನೀರಿನ ಅಣುವಿನಿಂದ ಇನ್ನೊಂದಕ್ಕೆ ದಾಟುತ್ತವೆ. ತೇವ ಹೆಚ್ಚಿದಂತೆ ವಿದ್ಯುತ್ ಹೆಚ್ಚು ಸಲೀಸಾಗಿ ಹರಿಯುತ್ತದೆ. ಬಿಲ್ಲೆಯ ಎರಡೂ ಬದಿಗೆ ತಂತಿ ಜೋಡಿಸಿ ಅದನ್ನು ಅಳೆದರಾಯಿತು.

ಕೇಳಲು ಸುಲಭ, ಮಾಡಲು ಕಷ್ಟ. ಮೆಗ್ನೀಸಿಯಂ, ಕ್ರೋಮಿಯಂ, ಟೈಟಾನಿಯಂಗಳ ಆಕ್ಸೈಡ್ ಪುಡಿಯನ್ನು ನುಣ್ಣಗೆ ಅರೆದು, ಬಿಲ್ಲೆಯಾಗಿ ಒತ್ತಿ, ಸಾವಿರ ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಡಬೇಕು. ಕಡಿಮೆ ಸುಟ್ಟರೆ ಬಿಲ್ಲೆ ಉದುರುತ್ತದೆ. ಹೆಚ್ಚು ಸುಟ್ಟರೆ ರಂಧ್ರಗಳು ಮುಚ್ಚಿ, ತೇವದ ಅರಿವೇ ಹೋಗುತ್ತದೆ. ಕುಂಬಾರನ ಆವಿಗೆಯ ಹದವೇ ಇಲ್ಲಿಯೂ ಮುಖ್ಯ.

ಇನ್ನೊಂದು ತೊಡಕಿದೆ. ಧೂಳು, ಎಣ್ಣೆಯ ಜಿಡ್ಡು ಕೂತರೆ ಅಳತೆ ತಪ್ಪುತ್ತದೆ. 1970ರ ದಶಕದ ಕೊನೆಗೆ ಜಪಾನಿನವರು ಮೈಕ್ರೋವೇವ್ ಒಲೆಗೆಂದು ಇಂಥ ಸಂವೇದಕ ಮಾಡಿದಾಗ, ಪಕ್ಕದಲ್ಲೇ ಪುಟ್ಟ ಹೀಟರ್ ಇಟ್ಟರು. ಆಗಾಗ ಕಾಯಿಸಿದರೆ ಜಿಡ್ಡು ಸುಟ್ಟುಹೋಗುತ್ತದೆ. ಪ್ಲಾಸ್ಟಿಕ್ಕಾದರೆ ಕರಗಿಬಿಡುತ್ತಿತ್ತು, ಸೆರಾಮಿಕ್ ತಡೆಯುತ್ತದೆ.

ಇದರಿಂದ ನಮಗೇನು ಎನ್ನುತ್ತೀರಾ? ತೇವ ಉಳಿದ ಕಡಲೆಕಾಯಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು. ಅದು ಯಕೃತ್ತಿಗೆ ಹಾನಿಕರ. ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಇಡುವ ಪೆಟ್ಟಿಗೆಯಲ್ಲಿ ತೇವ ಕಡಿಮೆಯಾದರೆ, ಅದರ ಎಳೆಯ ಚರ್ಮದಿಂದ ನೀರು ಆರಿಹೋಗುತ್ತದೆ. ಇಂಥ ಕಡೆ ನಂಬಿಕೆಯ ಅಳತೆ ಬೇಕು.

ನೀರಿನ ಕೊಡಕ್ಕೆ ತೂತು ದೋಷ, ಈ ಬಿಲ್ಲೆಗೆ ಅದೇ ಗುಣ. ಮುಂದಿನ ಸಲ ಕುಲ್ಹಡ್ ಹಿಡಿದಾಗ ಇದು ನೆನಪಾಗಲಿ.