ಮಳೆಯ ಹಾಜರಿ ಪುಸ್ತಕ





ನಮ್ಮ ಭಾಗದ ಬದುಕು ಮಲಪ್ರಭೆಯನ್ನು ನಂಬಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಮುಂದೆ ರಾಮದುರ್ಗದ ಕಡೆ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ರಾಮದುರ್ಗ ತಾಲೂಕಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಆದ್ದರಿಂದ ಎಲ್ಲಿ, ಯಾವಾಗ, ಎಷ್ಟು ಮಳೆಯಾಯಿತು ಎಂಬ ಲೆಕ್ಕ ನಮಗೆ ಪಠ್ಯಪುಸ್ತಕದ ವಿಷಯವಷ್ಟೇ ಅಲ್ಲ. ಆ ಲೆಕ್ಕವನ್ನು ಹಗಲು ರಾತ್ರಿ ಬರೆದಿಡುವ ಡಾಟಾ ಲಾಗರ್ ಎಂಬ ಯಂತ್ರದ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ.

1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸೌರಶಕ್ತಿಯ ಮಳೆಮಾಪಕಗಳನ್ನು ಕೂಡಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಳೆಯ ಅಂಕಿಯನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳಿಸುತ್ತವೆ.

ಇಂಥ ಮಾಪಕಗಳಲ್ಲಿ ಸಾಮಾನ್ಯವಾಗಿ ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ಬಟ್ಟಲು ತುಂಬಿದೊಡನೆ ಅದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಕೆಗೆ ಒಂದು ವಿದ್ಯುತ್ ಸಂಕೇತ ಲಾಗರ್‌ಗೆ ಹೋಗುತ್ತದೆ. ಒಂದು ವಾಲಿಕೆ ಎಂದರೆ 0.5 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. 15 ನಿಮಿಷದಲ್ಲಿ 9 ಸಲ ವಾಲಿದರೆ 4.5 ಮಿ.ಮೀ. ಮಳೆ.

ಈಗ ಬರೆದಿಡುವ ಕ್ರಮ ನೋಡೋಣ. 4.5 ಎಂಬ ಅಂಕಿಯೊಂದನ್ನೇ ಬರೆದರೆ ಏನೂ ತಿಳಿಯದು. ಆದ್ದರಿಂದ ಲಾಗರ್ ಪ್ರತಿ ಸಲ ಒಂದು ಪೂರ್ತಿ ಸಾಲು ಬರೆಯುತ್ತದೆ: ಕ್ರಮಸಂಖ್ಯೆ, ದಿನಾಂಕ ಮತ್ತು ವೇಳೆ, ಮಳೆ, ಬ್ಯಾಟರಿಯ ಸ್ಥಿತಿ. ಯಾವ ಕಾಲಂ ಯಾವುದರದ್ದು ಎಂಬ ತಲೆಬರಹವನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುತ್ತದೆ, ನಮ್ಮ ಹಾಜರಿ ಪುಸ್ತಕದ ಹಾಗೆ. ವೇಳೆಯನ್ನು ದಿನ, ತಿಂಗಳು, ವರ್ಷ ಎಂದು ಬಿಡಿಬಿಡಿಯಾಗಿ ಬರೆಯದೆ, ಗೊತ್ತುಪಡಿಸಿದ ಒಂದು ದಿನದಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಒಂದೇ ಸಂಖ್ಯೆಯಾಗಿ ಇಡುವ ಯಂತ್ರಗಳು ಹಲವು. ಇದರಿಂದ ಜಾಗ ಉಳಿಯುತ್ತದೆ. ಒಂದು ಸಾಲಿಗೆ 16 ಬೈಟ್ ಹಿಡಿದರೆ ದಿನಕ್ಕೆ 96 ಸಾಲು, 1,536 ಬೈಟ್. ವರ್ಷಕ್ಕೆ 5,60,640 ಬೈಟ್. ನಮ್ಮ ಮೊಬೈಲಿನ ಒಂದು ಫೋಟೋ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ!

ಎಣಿಕೆ ನಡೆಯುವುದು ತಾತ್ಕಾಲಿಕ ಸ್ಮೃತಿಯಲ್ಲಿ. ಬರೆದ ಸಾಲು ಸೇರುವುದು ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್ ಸ್ಮೃತಿಗೆ. ಅದು ತುಂಬಿದರೆ ಎರಡು ದಾರಿ ಇವೆ. ಬರೆಯುವುದನ್ನು ನಿಲ್ಲಿಸುವುದು ಒಂದು. ಗಾಣದ ಎತ್ತಿನಂತೆ ಸುತ್ತಿ ಬಂದು ಅತಿ ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯುವುದು ಇನ್ನೊಂದು. ಯಾವ ಸಾಲಿನವರೆಗೆ ಕಳಿಸಿಯಾಯಿತು ಎಂಬ ಗುರುತನ್ನೂ ಇಟ್ಟುಕೊಳ್ಳುವ ಲಾಗರ್, ನೆಟ್‌ವರ್ಕ್ ಹೋಗಿ ಬಂದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತದೆ.

ಕೆಲವು ಲಾಗರ್‌ಗಳು ಸಾಲಿನ ಕೊನೆಗೆ ಒಂದು ತಾಳೆ ಸಂಖ್ಯೆಯನ್ನೂ ಸೇರಿಸುತ್ತವೆ. ಸಾಲಿನ ಅಂಕಿಗಳ ಮೇಲೆ ಒಂದು ಲೆಕ್ಕ ಮಾಡಿ ಬಂದ ಉತ್ತರ ಅದು. ಓದುವಾಗ ಮತ್ತೆ ಲೆಕ್ಕ ಮಾಡಿ, ಉತ್ತರ ಬೇರೆ ಬಂದರೆ ಸಾಲು ಕೆಟ್ಟಿದೆ ಎಂದು ತಿಳಿಯುತ್ತದೆ. ಕುರ್‌ಆನಿನ ಅತಿ ದೀರ್ಘ ಆಯತ್, ಸೂರಾ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು ಎಂಬುದು ತಮಗೆ ತಿಳಿದಿದೆ. ಅಲ್ಲಿಯೂ ಮೊತ್ತವೊಂದೇ ಸಾಲದು. ಅವಧಿ ಬೇಕು, ನ್ಯಾಯದಿಂದ ಬರೆಯುವವನು ಬೇಕು, ಸಾಕ್ಷಿಗಳು ಬೇಕು.

ವಿದ್ಯಾರ್ಥಿಗಳೆ, ಇಲ್ಲಿ ಒಂದು ಮಾತನ್ನು ಮನಸ್ಸಿಟ್ಟು ಕೇಳಿ. ಮಳೆ ಬರದಿದ್ದಾಗ ಲಾಗರ್ ಸೊನ್ನೆ ಬರೆಯುತ್ತದೆ. ಬ್ಯಾಟರಿ ಸತ್ತು ಎರಡು ತಾಸು ಏನನ್ನೂ ಅಳೆಯದಿದ್ದರೆ ಆ ಎಂಟು ಸಾಲುಗಳು ಇರುವುದೇ ಇಲ್ಲ. ಹಿಂದಿನ ಸಾಲು 10 ಗಂಟೆಯದು, ಮುಂದಿನದು 12.15ರದು ಎಂದಾಗ ನಡುವಿನ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ಸೊನ್ನೆ ಎಂದರೆ 'ಮಳೆ ಇಲ್ಲ'. ಖಾಲಿ ಎಂದರೆ 'ಗೊತ್ತಿಲ್ಲ'. ಯಾರಾದರೂ ಕಂಪ್ಯೂಟರಿನಲ್ಲಿ ಪಟ್ಟಿ ಚೆಂದ ಕಾಣಲೆಂದು ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ಏನಾದೀತು? ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದೇ ಇಂಥ ಅಂಕಿಗಳ ಮೇಲೆ. ಅತಿವೃಷ್ಟಿಯಿಂದ ಬೆಳೆ ಕೊಳೆತ ರೈತನ ಪಾಲಿಗೆ ಆ ಸುಳ್ಳು ಸೊನ್ನೆ ಅನ್ಯಾಯವಾಗುತ್ತದೆ.

ಯಂತ್ರವೂ ಸುಳ್ಳು ಸೊನ್ನೆ ಬರೆಯಬಹುದು. ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡರೆ ಹೊರಗೆ ಮಳೆ ಸುರಿಯುತ್ತಿದ್ದರೂ ಬಟ್ಟಲು ವಾಲದು. ಲಾಗರ್ ಎಣಿಸುವುದು ಸಂಕೇತವನ್ನು, ಮಳೆಯನ್ನಲ್ಲ. ಆದ್ದರಿಂದ ಹತ್ತಿರ ಹೋಗಿ ನೋಡುವ, ಸ್ವಚ್ಛ ಮಾಡುವ, ಪಕ್ಕದ ಊರಿನ ಅಂಕಿಯೊಡನೆ ತಾಳೆ ನೋಡುವ ಮನುಷ್ಯ ಬೇಕೇ ಬೇಕು.

ನಮ್ಮ ಸಂಸ್ಥೆಗೂ ಇದರಲ್ಲಿ ಪಾಠವಿದೆ. ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಮುಂದೆ ಖಾಲಿ ಇದ್ದರೆ, ಅದು ಗೈರುಹಾಜರಿಯೋ, ಹಾಜರಿ ಹಾಕದೆ ಬಿಟ್ಟದ್ದೋ? ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ 'ಯಾರೂ ಇಲ್ಲ' ಎಂದು ಬರೆಯುವ ಮೊದಲು ಮನೆಮನೆಗೆ ಹೋಗಿ ಕೇಳಿದ್ದೇವೆಯೇ? ಕೇಳದಿದ್ದರೆ 'ವಿಚಾರಿಸಿಲ್ಲ' ಎಂದೇ ಬರೆಯೋಣ. ಹಾಗೆ ಬರೆದರೆ ನಾಳೆ ಒಬ್ಬರಾದರೂ ಹೋಗಿ ವಿಚಾರಿಸುತ್ತಾರೆ. ಸೊನ್ನೆ ಬರೆದರೆ ಆ ಮಗುವನ್ನು ಯಾರೂ ಹುಡುಕುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಮ್ಮ ಮಕ್ಕಳು ಈ ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ಒಂದು ಸಾದಾ ಮಳೆಮಾಪಕ ಇಡಲಿ. ಹವಾಮಾನ ಇಲಾಖೆಯ ಪದ್ಧತಿಯಂತೆ ದಿನಾಲೂ ಬೆಳಿಗ್ಗೆ 8.30ಕ್ಕೆ ಅಳೆದು, ವೇಳೆ ಹಾಕಿ, ಅಳೆದವರು ಸಹಿ ಮಾಡಲಿ. ಮಳೆ ಇಲ್ಲದಿದ್ದರೆ ಸೊನ್ನೆ, ಅಳೆಯದಿದ್ದರೆ ಅಡ್ಡಗೆರೆ. ಇಷ್ಟು ಕಲಿತ ಮಗು ನಾಳೆ ಇಂಜಿನಿಯರ್ ಆಗಲಿ, ಕಿರಾಣಿ ಅಂಗಡಿಯ ಉದ್ರಿ ವಹಿ ಬರೆಯಲಿ, ಅದರ ಲೆಕ್ಕವನ್ನು ಜನ ನಂಬುತ್ತಾರೆ.