ಎರಡು ಸಲ ಮೂಡಿದ ಅಕ್ಷರ

ಓಲೆಗರಿಗಳ ಪಾಠಾಂತರಗಳನ್ನು ಹೋಲಿಸುವುದರಲ್ಲಿ ಕಣ್ಣು ಸವೆಸಿದ ನನಗೆ ನಿವೃತ್ತಿಯ ಅನಂತರ ಹಳೆಯ ಚಿಲ್ಲರೆ ನಾಣ್ಯಗಳ ಗೀಳು ಹತ್ತಿತು. ಮಿತ್ರರು ನಗುತ್ತಾರೆ. ಆದರೆ ಲಿಪಿಕಾರನ ಕೈತಪ್ಪಿಗೂ ಟಂಕಸಾಲೆಯ ಕೈತಪ್ಪಿಗೂ ನಂಟು ದೂರದ್ದಲ್ಲ. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಿಂದ ಹೊರಬಿದ್ದ ಲಿಂಕನ್ ಸೆಂಟು ಇದಕ್ಕೆ ನಿದರ್ಶನ.

ಉಬ್ಬುಚಿತ್ರವುಳ್ಳ ಉಕ್ಕಿನ ಮೂಲಮುದ್ರೆಯನ್ನು ಇನ್ನೊಂದು ಉಕ್ಕಿನ ತುಂಡಿಗೆ ಒತ್ತಿದಾಗ ತಗ್ಗುಚಿತ್ರದ ಅಚ್ಚು ದೊರೆಯುತ್ತದೆ. ಆ ಅಚ್ಚಿನಿಂದ ನಾಣ್ಯ. ಆಗಿನ ಕ್ರಮದಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಗಡಸಾದ ಉಕ್ಕನ್ನು ಕಾಯಿಸಿ ಮೆದುಮಾಡಿ, ಅದೇ ನೆಲೆಯಲ್ಲಿ ಕೂರಿಸಿ ಮತ್ತೆ ಒತ್ತಬೇಕಾಗಿತ್ತು. ಆ ಎರಡನೆಯ ಸಲ ತುಸು ತಿರುಗಿ ಕುಳಿತರೂ ಸಾಕು, ಅಕ್ಷರಗಳು ಇಮ್ಮಡಿಯಾಗುತ್ತವೆ. 1955ರಲ್ಲಿ ಆದದ್ದು ಇದೇ. ಅಂಚಿನ ಬರಹವೂ ಇಸವಿಯೂ ಎದ್ದು ಕಾಣುವಂತೆ ಎರಡಾದವು. ನಡುವೆಯಿದ್ದ ಲಿಂಕನ್ನರ ಮುಖ ಹೆಚ್ಚು ಕದಲಲಿಲ್ಲ. ಚಕ್ರ ತಿರುಗಿದಾಗ ಅಂಚು ಸರಿಯುವಷ್ಟು ಗುಂಭ ಸರಿಯುವುದಿಲ್ಲವಷ್ಟೆ.

ತಪ್ಪು ಕಣ್ಣಿಗೆ ಬೀಳುವ ವೇಳೆಗೆ ಇವು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತಿದ್ದವು. ರಾಶಿಯನ್ನೇ ಕರಗಿಸಲು ಅಧಿಕಾರಿಗಳಿಗೆ ಮನಸ್ಸಾಗಲಿಲ್ಲ. 20,000ಕ್ಕೂ ಮಿಕ್ಕಿ ಚಲಾವಣೆಗೆ ಹೋದವೆಂದು ಅಂದಾಜು. ಸಿಗರೇಟು ಮಾರುವ ಯಂತ್ರಕ್ಕೆ 25 ಸೆಂಟು ಹಾಕಿದವನಿಗೆ 23 ಸೆಂಟಿನ ಪೊಟ್ಟಣದೊಡನೆ ಮರಳುತ್ತಿದ್ದ ಚಿಲ್ಲರೆಯಲ್ಲಿ ಹಲವು ದೊರೆತುವಂತೆ! ಇಂದು ಒಂದೊಂದರ ಬೆಲೆ ಸಾಮಾನ್ಯವಾಗಿ ಸಾವಿರ ಡಾಲರಿಗೂ ಮೇಲು.

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಹಿಂದೊಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಇಂಥದೊಂದು ಸೆಂಟನ್ನು ಕೊಳ್ಳುವ ಮುನ್ನ ನನಗೆ ತೋರಿಸಿದ. ಕೇಳಿದ್ದ ಹಣ ಅವನ ಮೂರು ತಿಂಗಳ ಸಂಬಳ. “ಎರಡಾಗಿ ಕಾಣುತ್ತದಲ್ಲ ಸಾರ್” ಎಂದ. ಭೂತಗನ್ನಡಿಯಲ್ಲಿ ನೋಡಿದರೆ ಇಸವಿಯ ಕೊನೆಯ 5 ಮಾತ್ರ ಮಸುಕಾಗಿ ಎರಡಾಗಿತ್ತು. ಉಳಿದ ಬರಹ ಒಂಟಿ. ಅದು ಸವೆದ ಅಚ್ಚಿನ ಫಲ. ಅಮೆರಿಕದ ಸಂಗ್ರಾಹಕರು ಅದಕ್ಕೆ ‘ಬಡವನ ಜೋಡಿಯಚ್ಚು’ ಎಂದು ಹೆಸರಿಟ್ಟಿದ್ದಾರೆ. ಬೆಲೆ ಅತ್ಯಲ್ಪ. ಅವನು ಕೊಳ್ಳಲಿಲ್ಲ.

ಇನ್ನೊಂದು ಬಗೆ ಇದಕ್ಕಿಂತ ವಂಚಕ. ನಾಣ್ಯ ಒತ್ತಿದ ಕ್ಷಣದಲ್ಲಿ ಸಡಿಲವಾದ ಅಚ್ಚು ಅದುರಿದರೆ ಅಕ್ಷರದ ಒಂದು ಮಗ್ಗುಲು ನಜ್ಜಿ, ಮೆಟ್ಟಿಲಿನಂತೆ ಚಪ್ಪಟೆಯಾಗುತ್ತದೆ. ಮೂಲ ಅಕ್ಷರವೇ ಸಣ್ಣದಾಗುತ್ತದೆ. ನಿಜವಾದ ಜೋಡಿಯಚ್ಚಿನಲ್ಲಿ ಎರಡು ರೂಪಗಳೂ ದುಂಡಗೆ ಉಬ್ಬಿ, ಅಕ್ಷರ ಒಟ್ಟಿನಲ್ಲಿ ಅಗಲವಾಗಿ, ಮೂಲೆಗಳಲ್ಲಿ ಕವಲು ಕಾಣುತ್ತದೆ. ಅದುರಿದ ಅಚ್ಚಿನ ತಪ್ಪು ನಾಣ್ಯದಿಂದ ನಾಣ್ಯಕ್ಕೆ ಬೇರೆಯಾಗಬಹುದು. ಅಚ್ಚಿನಲ್ಲೇ ಇರುವ ತಪ್ಪು, ಮೂಲಪ್ರತಿಯ ಅಪಪಾಠದಂತೆ, ಪ್ರತಿಯೊಂದರಲ್ಲೂ ಅದೇ ಎಡೆಯಲ್ಲಿ ಮರುಕಳಿಸುತ್ತದೆ. ಹಸ್ತಪ್ರತಿಗಳ ಕುಲವನ್ನು ನಾವು ಗುರುತಿಸುವುದೂ ಹೀಗೆಯೇ ಅಲ್ಲವೆ?

1990ರ ದಶಕದ ಕೊನೆಯ ವೇಳೆಗೆ ಅಲ್ಲಿ ಒಂದೇ ಒತ್ತಿಗೆ ಅಚ್ಚು ಮಾಡುವ ಪದ್ಧತಿ ಬಂತು. ಆದರೂ ಒತ್ತುವ ಮೊದಲ ಗಳಿಗೆಯಲ್ಲಿ ತುಂಡು ಓರೆಯಾಗಿ ಕುಳಿತು ಸರಿಹೋದರೆ ಚಿತ್ರ ಎರಡಾಗುವುದುಂಟು, ಹೆಚ್ಚಾಗಿ ನಡುಭಾಗದಲ್ಲಿ. ಈಚಿನ ಸೆಂಟುಗಳನ್ನು ಪರೀಕ್ಷಿಸುವವರು ಆದ್ದರಿಂದ ಭೂತಗನ್ನಡಿಯನ್ನು ಮೊದಲು ಅಲ್ಲಿಗೇ ಒಯ್ಯುತ್ತಾರೆ.